ಕಾಲು ಇಂಚಿನ ಪಟ್ಟಿ

ಗರಗಸದ ಪಟ್ಟಿ ಮತ್ತೆ ಹರಿಯಿತು. ಹರಿಯುವ ಮೊದಲು ಟಕ್ಕೆಂದು ಸದ್ದಾಗಿದ್ದರಿಂದ ಸುಂದ್ರವ್ವ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. ತಗಡಿನ ಮುಚ್ಚಳದೊಳಗೆ ಯಾರೋ ಪಾತ್ರೆ ಎತ್ತಿ ಒಗೆದಂತಾಗಿ, ಮೋಟಾರು ಮಾತ್ರ ತನ್ನ ಪಾಡಿಗೆ ಗುಂಯ್‌ಗುಟ್ಟುತ್ತ ಉಳಿಯಿತು. ಅವಳು ಬಟನ್ ಆರಿಸಿ ಹಲಗೆ ನೋಡಿದಳು. ಅದರ ಮೇಲೆ ಬರೆದಿದ್ದ ಗಿಣಿಯ ಕೊರಳಿಗೆ ಗರಗಸ ಅಡ್ಡ ಹೊಕ್ಕಿತ್ತು. ಹೊಕ್ಕಲ್ಲೆಲ್ಲ ಕಟ್ಟಿಗೆ ಸುಟ್ಟು ಕರ್ರಗಾಗಿತ್ತು.

"ಹರೀತ?" ಹೊರಸಿನ ಮೇಲೆ ದಿಂಬಿಗೆ ಒರಗಿದ್ದ ಗಂಡ ಸಾತಪ್ಪ ಕೇಳಿದ.

"ಹರೀತ್ರಿ."

"ನೂಕಬ್ಯಾಡ ಅಂತ ಎಷ್ಟ ಸಲ ಹೇಳಬೇಕ ನಿನಗ? ರೊಟ್ಟಿ ಬಡಿದಂಗ ಬಡಿತಿ."

"ನೂಕಿಲ್ರಿ ನಾ. ಅದಕ್ಕ ತಿರಗಾಕ ಬರೂದಿಲ್ಲ. ಕೊರಳ ಹತ್ರ ಬರೂದ ತಡ, ಗಪ್ಪ ಹಿಡಕೊಂಡ ಬಿಡತೈತಿ. ಪಟ್ಟಿ ಅಗಲ ಆತು."

"ಅಗಲ ಆತಂತ! ಹುಕ್ಕೇರಿ ಕಟಗಿ ಅಡ್ಡಾದಾಗ ನಾ ಅಂಗೈ ಅಗಲ ಪಟ್ಟಿಲೆ ಕೊಯ್ದೇನಿ. ಒಮ್ಮಿನೂ ಹರದಿಲ್ಲ. ಪಟ್ಟಿ ಅಗಲ ಇದ್ದಷ್ಟು ಗಟ್ಟಿ."

ಸುಂದ್ರವ್ವ ಹರಿದ ಪಟ್ಟಿಯನ್ನು ಗಾಲಿಗಳಿಂದ ಬಿಡಿಸತೊಡಗಿದಳು. ಆ ಅಡ್ಡೆಯ ಯಂತ್ರದ ಗಾಲಿಗಳು ಆಳೆತ್ತರ ಇದ್ದವೆಂದು ಅವನೇ ನೂರು ಸಲ ಹೇಳಿಕೊಂಡಿದ್ದ. ಈ ಯಂತ್ರದ ಗಾಲಿಗಳೋ ಹಿಟ್ಟು ನಾದುವ ಪರಾತಕ್ಕಿಂತ ದೊಡ್ಡವಲ್ಲ. ದಪ್ಪ ಉಕ್ಕಿನ ಪಟ್ಟಿ ಅಷ್ಟು ಸಣ್ಣ ಗಾಲಿಗೆ ಬಾಗಿ ಬಾಗಿ ಹಲ್ಲಿನ ಸಂದಿಯಲ್ಲಿ ಸೀಳು ಬಿಡುವುದನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದ್ದಳು. ಹೇಳಿದರೆ ಕೇಳುವವರಾರು?

ಗೋಕಾಕದ ಆ ಓಣಿಗೆ ಕರೆಂಟು ಬಂದ ವರ್ಷವೇ ಸಾತಪ್ಪ ಆ ಯಂತ್ರ ತಂದಿದ್ದ. ಬೆಳಗಾವಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಹಳೆಯ ಮಾಲು. ಪಡಸಾಲೆಯ ಅರ್ಧವನ್ನು ಅದಕ್ಕೆ ಬಿಟ್ಟುಕೊಟ್ಟು, ಬಾಗಿಲು ಕಿಟಕಿಗಳ ನೆಟ್ಟನೆಯ ಹಲಗೆಗಳನ್ನು ಕೊಯ್ಯಲು ಶುರುಮಾಡಿದ. ಒಂದು ಸುಗ್ಗಿ ಕಳೆಯುವುದರೊಳಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ನಾಲಿಗೆ ಉಳಿಯಿತು. ಯಂತ್ರ ಮಾರೋಣವೆಂದು ನೆಂಟರು ಹೇಳಿದಾಗ ಸಾತಪ್ಪ ಅತ್ತುಬಿಟ್ಟ. ಆವತ್ತೇ ಸುಂದ್ರವ್ವ ಸೆರಗು ಬಿಗಿದು ಅದರ ಮುಂದೆ ನಿಂತಳು. ಅವನು ಹೊರಸಿನಿಂದ ಹೇಳುವುದು, ಇವಳು ಮಾಡುವುದು. ಮೊದಮೊದಲು ಅದು ಇಬ್ಬರಿಗೂ ಹಿತವಾಗಿತ್ತು.

ಅವನು ಕಾಯಿಲೆ ಬೀಳುವ ಮುಂಚೆ ಬರೆದಿಟ್ಟಿದ್ದ ಹಲಗೆಗಳು ಅಟ್ಟದ ಮೇಲಿದ್ದವು. ತೊಟ್ಟಿಲಿನ ಎರಡೂ ತಲೆಗೆ ಕೂಡಿಸುವ, ಎದುರುಬದುರು ಕೂತ ಗಿಣಿಗಳ ಹಲಗೆಗಳು. ಸಾತಪ್ಪ ಎಂದೂ ಅಚ್ಚಿಟ್ಟು ಬರೆದವನಲ್ಲ. ಪೆನ್ಸಿಲು ತಾಗಿಸಿದನೆಂದರೆ ಕೊಕ್ಕಿನಿಂದ ಬಾಲದ ತನಕ ಕೈ ಎತ್ತುತ್ತಿರಲಿಲ್ಲ. ಅಂಥ ಹಲಗೆಗಳನ್ನು ಅಗಲ ಪಟ್ಟಿ ಒಂದೊಂದಾಗಿ ಕೆಡಿಸುತ್ತ ಬಂದು, ಈಗ ಒಂದೇ ಉಳಿದಿತ್ತು. ಮೇಲವಂಕಿಯ ಕೆಂಪವ್ವ ಮೊಮ್ಮಗುವಿಗೆ ತೊಟ್ಟಿಲು ಹೇಳಿಹೋಗಿದ್ದಳು. ನಿನ್ನೆ ಸಂತೆಗೆ ಬಂದವಳು ಬಾಗಿಲಲ್ಲೇ ನಿಂತು, "ಕೂಸು ಮೊರದಾಗ ಮಲಗೇತಿ, ಸುಂದ್ರವ್ವಾ," ಎಂದಷ್ಟೇ ಹೇಳಿ ತಿರುಗಿ ನೋಡದೆ ನಡೆದಿದ್ದಳು.

"ನಾಳೆ ಹುಕ್ಕೇರಿಗೆ ಹೋಗಿ ಒಂದ ಇಂಚಿನ ಪಟ್ಟಿ ತಾ," ಎಂದ ಸಾತಪ್ಪ. "ದೊಡ್ಡ ಹಲ್ಲಿಂದು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅಂಗಡಿಯಲ್ಲಿ ಏನು ಕೇಳಬೇಕೆಂದು ಬಾಯಲ್ಲೇ ಹೇಳಿಕೊಳ್ಳುತ್ತ ಹೋದಳು. ಉಳಿ, ಮೊಳೆ, ಗರಗಸ ಮಾರುವ ಅಂಗಡಿ ಅದು. ಅವಳು ಮೆಟ್ಟಿಲು ಹತ್ತುವ ಮುಂಚೆಯೇ ಸಾವಕಾರ, ಕಾಗದ ಸುತ್ತಿದ ಪಟ್ಟಿಯ ಸುರುಳಿಯನ್ನು ಎತ್ತಿ ಮುಂದಿಟ್ಟ.

"ತಗೋರಿ ಯಕ್ಕಾ. ಒಂದ ಇಂಚಿಂದು. ಸಾತಪ್ಪಣ್ಣ ಮುಂಜಾನಿ ಬಸ್ಸಿನ ಕಂಡಕ್ಟರ್ ಕಡಿಂದ ಹೇಳಿ ಕಳಿಸಿದ್ರು."

ಸುಂದ್ರವ್ವನ ಕಿವಿ ಬಿಸಿಯಾದವು. ಅವಳು ನೀರು ತರಲು ಹೋದಾಗ ಅವನು ಓಣಿಯಲ್ಲಿ ಹೋಗುವ ಕಂಡಕ್ಟರನನ್ನು ಕೂಗಿ ಕರೆದಿರಬೇಕು. ಹೆಂಡತಿ ತನ್ನ ಮಾತು ಮೀರುತ್ತಾಳೆಂದು ಮೊದಲೇ ಗೊತ್ತಿತ್ತು ಅವನಿಗೆ.

"ಇದ ಬ್ಯಾಡ್ರಿ ಸಾವಕಾರ್ರ. ಸಣ್ಣದ ತೋರಸ್ರಿ."

"ಅಲ್ರಿ, ಮಷೀನ ಅವರದು. ಅವರಿಗೆ ತಿಳೀದ ಏನ?"

"ನಡಸಾಕಿ ನಾನರಿ."

ಅಲ್ಲೇ ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನೊಬ್ಬ ನಕ್ಕ. "ಗಂಡಸರನ್ನ ಕಳಸವ್ವಾ. ಇದೇನ ಬಳಿ ಅಂಗಡಿ ಅಂತ ಮಾಡೀಯೇನ?"

ಸಿಟ್ಟು ಬಂದಾಗ ಮಾತು ಕೈಕೊಡುವುದು ಅವಳ ಹಳೆಯ ಚಾಳಿ. ಚೀಲದಿಂದ ನಿನ್ನೆ ಕೆಟ್ಟುಹೋದ ಹಲಗೆ ತೆಗೆದು ಸಾವಕಾರನ ಮುಂದೆ ಧಡ್ಡನೆ ಇಟ್ಟಳು.

"ಈ ಗಿಣಿ ಕೊಕ್ಕಿನ ಒಳಗ ನಿಮ್ಮ ಪಟ್ಟಿ ತಿರಗಸ್ರಿ. ತಿರಗಿದ್ರ ಅದನ್ನ ಒಯ್ತೇನಿ."

ಸಾವಕಾರ ಕಾಗದ ಬಿಚ್ಚಿದ. ಪಟ್ಟಿಯ ಅಂಚನ್ನು ಕೊಕ್ಕಿನ ಗೆರೆಯ ಮೇಲಿಟ್ಟು ಆಚೀಚೆ ಹೊರಳಿಸಿದ. ಪಟ್ಟಿಯ ಬೆನ್ನು ಗೆರೆ ಬಿಟ್ಟು ಗಿಣಿಯ ತಲೆಯ ಮೇಲೇ ಹೋಗುತ್ತಿತ್ತು. ಅರ್ಧ ಇಂಚಿನದು ತಂದ. ಅದು ಕೊರಳ ಬಾಗು ದಾಟಿತು, ಕೊಕ್ಕಿನಲ್ಲಿ ಸಿಕ್ಕಿತು. ಕಾಲು ಇಂಚಿನದು ಹುಡುಕಿ ತರುವ ಹೊತ್ತಿಗೆ ಬೀಡಿ ಸೇದುವವನೂ ಎದ್ದುಬಂದು ಬಗ್ಗಿ ನೋಡುತ್ತಿದ್ದ.

ಸುಂದ್ರವ್ವನಿಗೆ ಈಗ ನಿಜವಾದ ಫಜೀತಿ ಶುರುವಾಯಿತು. ಕಾಲು ಇಂಚಿನ ಪಟ್ಟಿ ಕೈಯಲ್ಲಿ ಹಿಡಿದರೆ ಲಾಡಿಯಂತೆ ಜೋಲಾಡುತ್ತಿತ್ತು. ಕೊಕ್ಕಿನಲ್ಲಿ ಸಲೀಸಾಗಿ ತಿರುಗಿತೇನೋ ನಿಜ, ಆದರೆ ಹಲಗೆಯ ನೆಟ್ಟನೆಯ ಅಂಚಿನಲ್ಲಿ ಎತ್ತ ಹೋದೀತೋ? ಸಣ್ಣ ಹಲ್ಲಿನದು ದಪ್ಪ ಹಲಗೆಯಲ್ಲಿ ಪುಡಿ ತುಂಬಿ ನಿಲ್ಲುತ್ತದೆ, ದೊಡ್ಡ ಹಲ್ಲಿನದು ಅಂಚನ್ನು ಹರಕು ಮಾಡುತ್ತದೆ. ಅರ್ಧ ಇಂಚಿನದನ್ನು ಒಯ್ದರೆ ಗಂಡನಿಗೂ ಅರ್ಧ ಸಮಾಧಾನ. ಅವಳು ಅದನ್ನು ಕೈಗೆತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು.

"ಪಾವ ಇಂಚಿಂದ ಕೊಡ್ರಿ," ಎಂದಳು ಕೊನೆಗೆ, ಕಾಲು ಇಂಚಿನದರ ಮೇಲೆ ಬೆರಳಿಟ್ಟು. "ಹಲ್ಲು ನಡುವಿಂದು."

"ಹರದ್ರ ನನ್ನ ಕೇಳಾಕ ಬರಬ್ಯಾಡ್ರಿ ಮತ್ತ."

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಸಾತಪ್ಪ ಸುರುಳಿಯನ್ನು ನೋಡಿದವನೇ ಅರಿತ.

"ಏನ ತಂದಿ ಇದು? ಅಂಗಿ ಹೊಲಿಯೂ ದಾರ?"

"ಕೊಕ್ಕಿನ್ಯಾಗ ಇದೊಂದ ತಿರಗತೈತ್ರಿ."

"ನಾ ಹೇಳಿದ್ದೇನು, ನೀ ತಂದದ್ದೇನು? ನನ್ನ ಮಾತಿಗಿ ಈ ಮನ್ಯಾಗ ಕಿಮ್ಮತ್ತ ಐತೋ ಇಲ್ಲೋ? ಮಷೀನ ನಂದೈತಿ!"

ಇಡೀ ದಿನ ಗಂಟಲಲ್ಲೇ ನಿಂತಿದ್ದ ಮಾತು ಆಗ ಬಾಯಿಗೆ ಬಂತು. "ಮಷೀನ ನಿಮ್ದರಿ. ಕೈ ಯಾರವು?"

ಸಾತಪ್ಪನ ಕಣ್ಣು ತೊಡೆಯ ಮೇಲೆ ಸತ್ತು ಬಿದ್ದಿದ್ದ ಬಲಗೈಗೆ ಹೋಯಿತು. ಎಡಗೈಯಿಂದ ಅದನ್ನು ಎತ್ತಿ ದುಪ್ಪಟಿಯ ಒಳಗೆ ಸೇರಿಸಿ, ಗೋಡೆಯ ಕಡೆ ಹೊರಳಿದ. ರೊಟ್ಟಿ ತಂದಿಟ್ಟರೆ ಮುಟ್ಟಲಿಲ್ಲ. ಅವಳೂ ಉಣ್ಣಲಿಲ್ಲ.

ಬೆಳಗಾದ ಮೇಲೆ ಪಟ್ಟಿ ಏರಿಸಿದಳು. ಹಳೆಯ ರೂಢಿಯಂತೆ ಬಿಗಿಮಾಡಿ ಒಂದು ಮುರುಕು ಹಲಗೆ ಕೊಟ್ಟು ನೋಡಿದರೆ, ಪಟ್ಟಿ ಗೆರೆಯನ್ನು ಬಿಟ್ಟು ಕುಡಿದವನ ಹಾಗೆ ಪಕ್ಕಕ್ಕೆ ಹೋಯಿತು. ಇನ್ನೊಂದು ಕೊಟ್ಟಳು, ಅದೂ ಹೋಯಿತು. ಮೂರನೆಯದನ್ನು ಸಿಟ್ಟಿನಿಂದ ಅಂಗಳಕ್ಕೆ ಒಗೆದು, ಕಟ್ಟಿಗೆಯ ಪುಡಿಯಲ್ಲೇ ಕುಕ್ಕರಿಸಿದಳು. ಹೊರಸಿನಿಂದ ಒಂದು ಮಾತಾದರೂ ಬರಲೆಂದು ಕಾದಳು. ಬೈಗುಳಾದರೂ ಬರಲಿ. ಅವನು ಗೋಡೆ ನೋಡುತ್ತ ಮಲಗಿದ್ದ. ಈ ಮನೆಯಲ್ಲಿ ಯಂತ್ರ ಸುಮ್ಮನಿದ್ದಾಗ ಅವನು ಸುಮ್ಮನಿದ್ದದ್ದು ಅದೇ ಮೊದಲು.

ಎದ್ದಳು. ಪಟ್ಟಿಯನ್ನು ಹಿಡಿದು ನಿಲ್ಲಿಸುವ ಮೇಲಿನ ಕಬ್ಬಿಣದ ಹಿಡಿ ಹಲಗೆಯಿಂದ ಗೇಣುದ್ದ ಮೇಲಿತ್ತು. ಅಷ್ಟುದ್ದ ಬರಿಗಾಳಿಯಲ್ಲಿ ನಿಂತ ಲಾಡಿ ಬಳುಕದೆ ಇನ್ನೇನು ಮಾಡೀತು? ಅದನ್ನು ಹಲಗೆಗೆ ಇನ್ನೇನು ತಾಗುವಷ್ಟು ಕೆಳಗಿಳಿಸಿದಳು. ಬಿಗಿಯನ್ನು ಒಂದಿಷ್ಟು ಸಡಿಲಿಸಿದಳು. ಮುರುಕು ಹಲಗೆ ಗೆರೆ ಹಿಡಿದು ಹೋಯಿತು. ಆಮೇಲೆ ಅಟ್ಟದಿಂದ ಕೊನೆಯ ಗಿಣಿ ಹಲಗೆ ಇಳಿಸಿದಳು. ತಳ್ಳದೆ, ಹಲಗೆ ಕೇಳಿದಷ್ಟೇ ಕೊಡುತ್ತ ಹೋದಳು. ಬಾಲ ಬಂತು, ಬೆನ್ನು ಬಂತು, ಕೊರಳು ಬಂತು. ಕೊಕ್ಕಿನಲ್ಲಿ ಪಟ್ಟಿ ಬೆಣ್ಣೆಯಲ್ಲಿ ಹೊರಳಿದಂತೆ ಹೊರಳಿತು.

ಗಿಣಿಯನ್ನು ಹೊರಸಿನ ಬದಿಗೆ ಇಟ್ಟು ಅವಳು ನೀರು ಕುಡಿಯಲು ಒಳಗೆ ಹೋದಳು. ಬರುವಾಗ ಸಾತಪ್ಪ ಎದ್ದು ಕೂತು, ಎಡಗೈಯ ಹೆಬ್ಬೆರಳಿನಿಂದ ಕೊಕ್ಕಿನ ಒಳಗನ್ನು ಸವರುತ್ತಿದ್ದ. ಅವಳನ್ನು ಕಂಡು ಕೈ ತೆಗೆದ.

ತೊಟ್ಟಿಲಿನ ಇನ್ನೊಂದು ತಲೆಗೆ ಬರೆದ ಹಲಗೆ ಇರಲಿಲ್ಲ. ಸುಂದ್ರವ್ವ ಹೊಸ ಹಲಗೆ ತಂದು, ಕೊಯ್ದ ಗಿಣಿಯನ್ನೇ ಅದರ ಮೇಲಿಟ್ಟು, ಸುತ್ತ ಗೆರೆ ಎಳೆಯಲು ಪೆನ್ಸಿಲು ತೆಗೆದಳು.

"ತಡಿ," ಎಂದ ಸಾತಪ್ಪ. ನಿನ್ನೆಯಿಂದ ಅವನಾಡಿದ ಮೊದಲ ಮಾತು. "ಇಲ್ಲಿ ತಾ ಅದನ್ನ."

ಹಲಗೆಯನ್ನು ಅವನ ತೊಡೆಯ ಮೇಲಿಟ್ಟು ಜಾರದಂತೆ ಹಿಡಿದಳು. ಅವನು ಎಡಗೈಯಲ್ಲಿ ಬರೆಯತೊಡಗಿದ. ಪೆನ್ಸಿಲು ಎರಡು ಸಲ ಕೆಳಗೆ ಬಿತ್ತು. ಹಣೆಯ ಮೇಲೆ ಬೆವರು ಮೂಡಿತು. ಬಾಲ ಮುಗಿಸುವ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಗೆರೆ ಎಲ್ಲೂ ನೆಟ್ಟಗಿರಲಿಲ್ಲ. ಬೆನ್ನಿನ ಮೇಲೆ ಇರುವೆ ಸಾಲಿನಂತೆ ಅಂಕುಡೊಂಕು, ಕೊರಳಲ್ಲಿ ಒಂದು ಗಂಟು. ಕೊಕ್ಕು ತುದಿಯಲ್ಲಿ ನಡುಗಿ ನಡುಗಿ, ಹೇಗೋ ಬಂದು ಕೂಡಿತ್ತು.

"ಆತು," ಎಂದು ಹೇಳಿ ಅವನು ಅವಳ ಮುಖ ನೋಡಲಿಲ್ಲ.

ಅವಳು ಹಲಗೆಯನ್ನು ಯಂತ್ರದ ಮೇಲಿಟ್ಟು ಬಟನ್ ಒತ್ತಿದಳು. ಗೆರೆ ನಡುಗಿದಲ್ಲೆಲ್ಲ ಹಲಗೆಯನ್ನು ಅಷ್ಟಷ್ಟೇ ನಡುಗಿಸುತ್ತ, ಅಂಕು ಬಂದಲ್ಲಿ ಅಂಕಿಗೆ, ಡೊಂಕು ಬಂದಲ್ಲಿ ಡೊಂಕಿಗೆ ತಿರುಗಿಸುತ್ತ, ಒಂದು ಕೂದಲೆಳೆಯಷ್ಟೂ ಬಿಡದೆ ಕೊಯ್ಯುತ್ತ ಹೋದಳು. ಹೊರಸಿನ ಮೇಲೆ ಸಾತಪ್ಪ ಪೆನ್ಸಿಲನ್ನು ಇನ್ನೂ ಎಡಗೈಯಲ್ಲಿ ಹಿಡಿದೇ ಕೂತಿದ್ದ.