ಎಡಗಾಲಿನ ಗಾಡಿ

ನಾನು ಒಂದು ಯೆಜ್ಡಿ. ಮೋಟಾರ್ ಸೈಕಲ್ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಮೈಸೂರಿನವರಿಗೆ ಗೊತ್ತು. ಹುಟ್ಟಿದ್ದು ಯಾದವಗಿರಿಯ ಕಾರ್ಖಾನೆಯಲ್ಲಿ. ಮೊದಲ ಸಲ ಒದ್ದು ಎಬ್ಬಿಸಿದ ದಿನದಿಂದ ನನಗೆ ಒಂದು ಕಡೆ ನಿಂತು ಅಭ್ಯಾಸವಿಲ್ಲ. ನಿಂತರೆ ಮೈಯೆಲ್ಲ ಜುಮುಜುಮು ಅನ್ನುತ್ತದೆ. ಈ ಕಥೆಯನ್ನೂ ಬೇಗ ಹೇಳಿ ಮುಗಿಸಿ ಹೊರಟರೆ ಸಾಕಾಗಿದೆ.

ನನ್ನ ಚಕ್ರಗಳಿಗೆ ಕಡ್ಡಿ ಬಿಗಿದವನು ಮರಿದೇವಯ್ಯ. ಕಾರ್ಖಾನೆಯಲ್ಲಿ ಅವನಿಗೆ ಅದೇ ಕೆಲಸ. ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಕೂದಲೆಳೆಯಷ್ಟೂ ಓಲಾಡಬಾರ್ದು" ಅನ್ನುತ್ತಿದ್ದ. ಮದುವೆ ಗೊತ್ತಾದಾಗ ನನ್ನನ್ನೇ ಕೊಂಡ. ತನ್ನ ಕೈಯಲ್ಲೇ ಆದ ಗಾಡಿ ಎಂದು ಅವನಿಗೆ ಎಷ್ಟು ಜಂಬ! ನನಗೇನು ಕಡಿಮೆ ಇರಲಿಲ್ಲ ಬಿಡಿ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನನ್ನ ಕಿಕ್ಕರೂ ಗೇರೂ ಒಂದೇ ಸರಳು, ಅದಿರುವುದು ಎಡಗಡೆ. ಎತ್ತಿ ಒದ್ದರೆ ಕಿಕ್ಕರ್, ಮಲಗಿಸಿದರೆ ಗೇರ್. ಬ್ರೇಕು ಬಲಗಾಲಿಗೆ. ಆ ಕಾಲದ ಬುಲೆಟ್ಟಿನಲ್ಲಿ ಎಲ್ಲ ಅದಲುಬದಲು. ಕಿಕ್ಕರ್, ಗೇರ್ ಬಲಗಾಲಿಗೆ, ಬ್ರೇಕು ಎಡಗಾಲಿಗೆ.

ಬುಲೆಟ್ಟಿನ ಮಾತು ಯಾಕೆ ಬಂತೆಂದರೆ, ಮರಿದೇವಯ್ಯನ ಹೆಂಡತಿ ನೀಲಮ್ಮನ ತಮ್ಮ ಗುರುಪಾದಪ್ಪನ ಹತ್ತಿರ ಇದ್ದದ್ದು ಅದೇ. ಅವನು ಮೈಸೂರಿನ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ವಾಸ ನಂಜನಗೂಡು. ಮದುವೆಯ ದಿನ ಅವನು ಬುಲೆಟ್ಟಿಗೆ ಚೆಂಡುಹೂವಿನ ಹಾರ ಸುತ್ತಿ, ಭಾವನನ್ನು ಛತ್ರಕ್ಕೆ ಕರೆತರಲು ಬಂದ. ಮರಿದೇವಯ್ಯ ಬಾಸಿಂಗ ಕಟ್ಟಿಕೊಂಡು ನಿಂತವನು ಎಲ್ಲರೆದುರು ಹೇಳಿಬಿಟ್ಟ:

"ನನ್ನ ಹೆಣಾನೂ ಬುಲೆಟ್ ಮೇಲೆ ಹೋಗಕ್ಕಿಲ್ಲ."

ಮದುವೆಮನೆಯಲ್ಲಿ ಆಡುವ ಮಾತೇ ಅದು? ಹಿರಿಯರು "ಶಿವಶಿವಾ" ಅಂದರು. ಮರಿದೇವಯ್ಯ ನನ್ನ ಮೇಲೆ ಕೂತು ಛತ್ರಕ್ಕೆ ಹೋದ. ಗುರುಪಾದಪ್ಪ ಹಾರ ಹಾಕಿದ ಖಾಲಿ ಬುಲೆಟ್ಟನ್ನು ಹಿಂದೆ ಹಿಂದೆಯೇ ಓಡಿಸಿಕೊಂಡು ಬಂದ. ಅವತ್ತು ನಾನು ಗೆದ್ದೆನೆಂದು ಬೀಗಿದೆ. ಅವನ ಮುಖವನ್ನು ಮಾತ್ರ ನಾನು ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ಜಟಾಪಟಿ. ಹಬ್ಬಕ್ಕೆ ಬಂದರೆ ಗುರುಪಾದಪ್ಪ ನನ್ನ ಹೊಗೆ ನೋಡಿ, "ಏನ್ ಭಾವ, ಸೊಳ್ಳೆ ಓಡ್ಸಕ್ ಹೊಂಟ್ರಾ?" ಅನ್ನುವನು. "ನಿಂದೇನ್ ಗಾಡಿನಾ, ಹಿಟ್ಟಿನ ಗಿರಣಿನಾ? ನೀಲಾ, ಒಂದ್ ಸೇರು ರಾಗಿ ಹಾಕ್ಕೊಡು, ಬೀಸ್ಕೊಂಡಾದ್ರೂ ಬರ್ಲಿ" ಅಂತ ಇವನು. ನೀಲಮ್ಮ ಒಳಗಿಂದ, "ಇಬ್ರೂ ಕೈ ತೊಳ್ಕೊಂಡ್ ಉಣ್ಣಕ್ ಬನ್ನಿ" ಅನ್ನುವಳು. ಅವಳು ತಮ್ಮನ ಹಿಂದೆಯೂ ಕೂತವಳು, ಗಂಡನ ಹಿಂದೆಯೂ ಕೂತವಳು. ಯಾರ ಪಕ್ಷವೂ ಅಲ್ಲ.

ಕಾರ್ಖಾನೆ ಮುಚ್ಚಿತು. ಮರಿದೇವಯ್ಯ ನಂಜನಗೂಡಿನಲ್ಲಿ ಚಕ್ರದ ಕಡ್ಡಿ ಬಿಗಿಯುವ ಅಂಗಡಿ ಇಟ್ಟ. ದಿನಾ ಬೆಳಗ್ಗೆ ನಾವು ಮೈಸೂರಿನಿಂದ ನಂಜನಗೂಡಿಗೆ, ಗುರುಪಾದಪ್ಪ ನಂಜನಗೂಡಿನಿಂದ ಮೈಸೂರಿಗೆ. ಎಂಟೂವರೆಗೆ ಕಡಕೊಳದ ಹತ್ತಿರ ಎದುರುಬದುರು. ಎದುರಿಗೆ ಯೆಜ್ಡಿ ಬಂದರೆ ಯೆಜ್ಡಿಯವರು ಎಡಗೈ ಎತ್ತುವುದು ಪದ್ಧತಿ. ಗುರುತಿರಲಿ, ಇಲ್ಲದಿರಲಿ, ಎತ್ತಬೇಕು. ಬುಲೆಟ್ಟಿನವರಿಗೆ ಅವರವರದೇ ಬಳಗ. ಹಾಗಾಗಿ ಭಾವ, ಭಾವಮೈದುನ ವರ್ಷಗಟ್ಟಲೆ ದಿನಾ ಎದುರಾದರೂ ಒಬ್ಬರಿಗೊಬ್ಬರು ಕೈ ಎತ್ತಲಿಲ್ಲ. ಇಬ್ಬರೂ ಕತ್ತು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದರು.

ಒಂದು ದಿನ ಮರಿದೇವಯ್ಯ ಬಚ್ಚಲಲ್ಲಿ ಜಾರಿ ಬಿದ್ದ. ಎಡ ಪಾದದ ಕೀಲು ಮುರಿಯಿತು. ಕೂಡಿಕೊಂಡಮೇಲೂ ಆ ಪಾದದಲ್ಲಿ ಒದೆಯುವ, ಎತ್ತುವ ಶಕ್ತಿ ಬರಲಿಲ್ಲ. ನನಗೆ ಬೇಕಾದದ್ದೆಲ್ಲ ಆ ಪಾದವೇ.

ಅಂಗಳದಲ್ಲಿ ನಿಂತುಬಿಟ್ಟೆ. ಒಂದು ತಿಂಗಳು, ಮೂರು ತಿಂಗಳು. ಅಯ್ಯಯ್ಯೋ, ಆ ನಿಲ್ಲುವ ಶಿಕ್ಷೆ ಯಾರಿಗೂ ಬೇಡ! ಅವನ ಪಾಡೂ ಅಷ್ಟೇ. ಬೆಳಗಾದರೆ ಕುಂಟುತ್ತ ಬಂದು ನನ್ನ ಟ್ಯಾಂಕು ಒರೆಸುವನು, ಸರಳಿನ ಮೇಲೆ ಕಾಲಿಡುವನು, ಆಗದೆ ಗೇಟಿನ ತನಕ ಹೋಗಿ ವಾಪಸು ಬರುವನು. ಬಸ್ಸಿನಲ್ಲಿ ಹೋಗು ಅಂದರೆ ರೇಗುವನು. ಊಟ ಅರ್ಧಕ್ಕೆ ಬಿಡುವನು. ಅಂಗಡಿಗೆ ಬೀಗ ಬಿದ್ದೇ ಇತ್ತು. ಇವನು ಇನ್ನು ಗಾಡಿ ಹತ್ತದಿದ್ದರೆ ಉಳಿಯುವುದಿಲ್ಲವೆಂದು ನನಗೆ ಭಯವಾಯಿತು.

ಒಂದು ಭಾನುವಾರ ಗುರುಪಾದಪ್ಪ ನೋಡಲು ಬಂದ. ಯಾರೂ ಯಾರನ್ನೂ ಕೆಣಕಲಿಲ್ಲ. ನೀಲಮ್ಮ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆ ಎತ್ತದೆ ಅಂದಳು:

"ಇವನ್ ಗಾಡೀಲಿ ಕಿಕ್ಕರು ಗೇರು ಎಲ್ಲಾ ಬಲಗಾಲಲ್ಲೇ ಅಲ್ವಾ?"

ಮರಿದೇವಯ್ಯ ಎದ್ದು ಒಳಗೆ ಹೋಗಿಬಿಟ್ಟ.

ಮುಂದಿನ ಭಾನುವಾರ ಗುರುಪಾದಪ್ಪ ಮತ್ತೆ ಬಂದ. ಯಾರನ್ನೂ ಮುಟ್ಟಲು ಬಿಡದ ಬುಲೆಟ್ಟಿಗೆ ಎಡಗಡೆ ಬ್ರೇಕಿನ ಮೇಲೆ ಒಂದು ಅಗಲ ಪಟ್ಟಿ ವೆಲ್ಡ್ ಮಾಡಿಸಿದ್ದ, ಹಿಮ್ಮಡಿಯಲ್ಲಿ ಒತ್ತುವ ಹಾಗೆ.

"ಮದ್ವೆ ದಿನ ಹತ್ಲಿಲ್ಲ ನೀವು. ಇಪ್ಪತ್ತೇಳ್ ವರ್ಷ ಆಯ್ತು ಭಾವ. ಇವತ್ತಾದ್ರೂ ಹತ್ತಿ" ಅಂದ.

ಮರಿದೇವಯ್ಯ ನನ್ನ ಕಡೆ ಕೈ ತೋರಿಸಿದ. "ಇದು?"

"ನಾನ್ ಓಡುಸ್ತೀನಿ. ನಿಂತ್ರೆ ಕೆಟ್ಟೋಯ್ತದೆ."

"ನೀನು? ಯೆಜ್ಡಿನ?"

"ಏನ್ ಮಾಡದು, ಹಣೆಬರ."

ಮರಿದೇವಯ್ಯ ಬುಲೆಟ್ಟಿನ ಮೇಲೆ ಕೂತು ಗೇಟು ದಾಟಿದಾಗ ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು. ಆದರೆ ಮೂರು ತಿಂಗಳ ಮೇಲೆ ಅವನ ಬೆನ್ನು ನೆಟ್ಟಗಾದದ್ದನ್ನೂ ನೋಡಿದೆ.

ಇತ್ತ ಗುರುಪಾದಪ್ಪ! ಮೊದಲ ತಿರುವಿನಲ್ಲೇ ಬ್ರೇಕೆಂದು ಎಡಗಾಲು ಒತ್ತಿದ. ಗೇರು ಬದಲಾಯಿತು, ನಾನು ಹೋಗಿ ಮರಳಿನ ಗುಡ್ಡೆಗೆ ಮೂತಿ ಇಟ್ಟೆ. "ಥೂ, ನಿನ್ ಮನೆ ಹಾಳಾಗ!" ಅಂದ. ತಿಂಗಳುಗಟ್ಟಲೆ ಬೈದ. ಕೊನೆಗೊಂದು ಬೆಳಗ್ಗೆ ಎಮ್ಮೆ ಅಡ್ಡ ಬಂದಾಗ ಬಲಗಾಲು ತಾನಾಗಿ ಬ್ರೇಕೊತ್ತಿತು. "ಅಯ್ಯೋ, ಭಾವನ ಕಾಲೇ ಬಂದ್ಬುಡ್ತಲ್ಲ ನಂಗೆ" ಎಂದು ಒಬ್ಬನೇ ನಕ್ಕ.

ಮರಿದೇವಯ್ಯನ ಕೈ ಮಾತ್ರ ಹಳೆಯದೇ. ದಾರಿಯಲ್ಲಿ ಯೆಜ್ಡಿ ಕಂಡರೆ ಎತ್ತಿಬಿಡುತ್ತಿತ್ತು. ಅವರು ಬುಲೆಟ್ಟು ನೋಡಿ ಸುಮ್ಮನೆ ಹೋಗುತ್ತಿದ್ದರು. "ಯಾರೂ ಎತ್ತಕ್ಕಿಲ್ಲ ಕಣೇ" ಎಂದು ನೀಲಮ್ಮನ ಹತ್ತಿರ ಹೇಳಿಕೊಂಡನಂತೆ. ಅವಳು ತಮ್ಮನಿಗೆ ಹೇಳಿದಳು.

ಮಾರನೆಯ ದಿನ, ಎಂಟೂವರೆ, ಕಡಕೊಳ. ಎದುರಿಗೆ ಬುಲೆಟ್ಟು. ನನ್ನನ್ನು ಕಂಡು ಮರಿದೇವಯ್ಯನ ಎಡಗೈ ಅರ್ಧ ಎದ್ದು, ಅನುಮಾನಿಸಿತು. ಗುರುಪಾದಪ್ಪ ನನ್ನ ಹ್ಯಾಂಡಲ್ ಬಿಟ್ಟು ತೋಳು ಪೂರ್ತಿ ಎತ್ತಿದ. ಅವನೂ ಎತ್ತಿದ. ತಾನು ಕೈ ಎತ್ತಿದ್ದು ಯೆಜ್ಡಿಗೆ ಎಂದು ಮರಿದೇವಯ್ಯ, ಬುಲೆಟ್ಟಿಗೆ ಎಂದು ಗುರುಪಾದಪ್ಪ ಇಂದಿಗೂ ವಾದಿಸುತ್ತಾರೆ. ನಾನು ಅಲ್ಲೇ ಇದ್ದೆ, ನನಗೆ ಗೊತ್ತು.

ಈಗ ನನಗೆ ವಯಸ್ಸಾಯಿತು. ಗುರುಪಾದಪ್ಪನ ಮನೆಯ ಪಕ್ಕ ತಗಡಿನ ಮಾಡಿನ ಕೆಳಗೆ ನನ್ನ ಜಾಗ. ಅವನಿಗೆ ನಿವೃತ್ತಿಯಾಗಿದೆ, ಮೈಸೂರಿನಲ್ಲಿ ಕೆಲಸವಿಲ್ಲ. ಮರಿದೇವಯ್ಯ ಅಂಗಡಿ ಬಿಟ್ಟಿದ್ದಾನೆ, ಅವನಿಗೆ ನಂಜನಗೂಡಿನಲ್ಲಿ ಕೆಲಸವಿಲ್ಲ. ಆದರೂ ದಿನಾ ಎಂಟಾಗುತ್ತಲೇ ಗುರುಪಾದಪ್ಪ ಹೊರಗೆ ಬರುತ್ತಾನೆ. "ಎಲ್ಲಿಗೆ?" ಎಂದು ಹೆಂಡತಿ ಕೇಳುತ್ತಾಳೆ. "ಇಲ್ಲೇ, ಕಡಕೊಳದ ಗಂಟ" ಅನ್ನುತ್ತಾನೆ. ಅತ್ತಲಿಂದ ಭಾವನೂ ಬರುತ್ತಾನೆ. ಇಬ್ಬರೂ ನಿಲ್ಲುವುದಿಲ್ಲ, ಮಾತಾಡುವುದಿಲ್ಲ. ಕೈ ಎತ್ತುತ್ತಾರೆ, ಸ್ವಲ್ಪ ಮುಂದೆ ಹೋಗಿ ತಿರುಗಿಸಿಕೊಳ್ಳುತ್ತಾರೆ, ವಾಪಸು ಬರುವಾಗ ಇನ್ನೊಂದು ಸಲ ಎತ್ತುತ್ತಾರೆ.

ಸಾಕು, ಮಾತು ಬಹಳವಾಯಿತು. ಎಂಟಾಗುತ್ತಿದೆ, ಗುರುಪಾದಪ್ಪ ಚಪ್ಪಲಿ ಮೆಟ್ಟುತ್ತಿದ್ದಾನೆ.