ಹಿತ್ತಾಳೆ ಫಲಕದ ಕೆಳಗೆ

ನಲ್ಲಿಯ ಪೈಪನ್ನು ಎರಡನೆಯ ಡ್ರಮ್ಮಿಗೆ ಹಾಕುತ್ತಿದ್ದ ಪೂಜಾಳ ಕೈ ಅಲ್ಲೇ ನಿಂತಿತು. ಮನೆಯಲ್ಲಿ ಮಾವನ ಶವವಿದ್ದರೂ ಬಂದ ನೀರನ್ನು ಬಿಡುವಂತಿರಲಿಲ್ಲ. ನಿಜಲಿಂಗಪ್ಪ ಬಡಾವಣೆಗೆ ನೀರು ಮತ್ತೆ ಯಾವತ್ತೋ. ಕಾಂಪೌಂಡಿನ ಆಚೆ ನೆರೆಮನೆಯ ದುರುಗಮ್ಮ ಯಾರಿಗೋ ಹೇಳುತ್ತಿದ್ದರು.

"ಮಷಿನ್ನೇ ಹೇಳ್ತಂತೆ ಕಣವ್ವ, ಹಿಂಗ್ ಮಾಡು ಹಂಗ್ ಮಾಡು ಅಂತ. ಆ ಹುಡುಗಿ ಏನೋ ತಪ್ಪು ಒತ್ಯಾಳೆ. ಇಲ್ಲಾಂದ್ರೆ ಶಿವಮೂರ್ತಪ್ಪ ಉಳೀತಿದ್ರು."

ಪೈಪು ಜಾರಿ ನೀರು ಅಂಗಳಕ್ಕೆ ಹರಿಯಿತು. ಪೂಜಾ ಗೇಟಿಗೆ ಬಂದಳು.

"ಒಂಬತ್ತು ವರ್ಷದ ಕೂಸು ಅದು, ದುರುಗಮ್ಮ. ಸಮುದಾಯ ಭವನದಾಗೆ ಅಷ್ಟು ಮಂದಿ ದೊಡ್ಡೋರಿದ್ರಲ್ಲ, ಅವ್ರೆಲ್ಲ ಏನು ಒತ್ತಿದ್ರು?"

"ನಾನೇನು ಕಂಡೀನಿ ತಾಯಿ? ಮಂದಿ ಅಂದಿದ್ದು ಅಂದೆ."

"ಮಂದಿಗೆ ಹೇಳ್ರಿ, ನಾಲಿಗಿ ಒಳಗಿಟ್ಕೊಂಡು ಮಣ್ಣಿಗೆ ಬರ್ರಿ ಅಂತ."

ಒಳಗೆ ಮಗಳು ಸ್ನೇಹಾ ಅಜ್ಜನ ಪಕ್ಕ ಕೂತಿದ್ದಳು. ನಿನ್ನೆಯಿಂದ ಮಗು ಒಂದು ಮಾತೂ ಆಡಿರಲಿಲ್ಲ. ಈ ಅಪವಾದ ಒಮ್ಮೆ ಅಂಟಿತೆಂದರೆ ಮಗಳ ಜೊತೆಗೇ ಬೆಳೆಯುತ್ತದೆ ಎಂದು ಪೂಜಾಳಿಗೆ ಗೊತ್ತಿತ್ತು.

ವಿಭೂತಿ ಬಳಿದು ಗೋಡೆಗೆ ಆನಿಸಿ ಕೂರಿಸಿದ್ದ ಶಿವಮೂರ್ತಪ್ಪನವರ ಎದುರು ಖಾಜಾ ಹುಸೇನ್ ಕಣ್ಣೊರೆಸಿಕೊಳ್ಳುತ್ತಿದ್ದರು. ಕೆ.ಬಿ. ಬಡಾವಣೆಯಲ್ಲಿ ಶಿವಮೂರ್ತಪ್ಪನವರ ಪಾತ್ರೆ ಅಂಗಡಿಯ ಪಕ್ಕದಲ್ಲೇ ಖಾಜಾರ ಸ್ಟವ್ ರಿಪೇರಿ ಅಂಗಡಿ.

"ಊರಾಗಿನ ಕೊಡದ ಮ್ಯಾಲೆಲ್ಲ ಇವರ ಅಕ್ಷರನೇ, ಅಕ್ಕಾರೆ," ಎಂದರು ಕಸ್ತೂರಮ್ಮನಿಗೆ. "ನನ್ನ ಮದುವಿ ಹಂಡೆಗೆ ಹೆಸರು ಕೆತ್ಸಾಕೆ ಹೋದ್ರೆ, 'ಇಮಾಂಬೀ ಹೆಸರು ಮೊದ್ಲು ಹಾಕ್ತೀನಿ ಖಾಜಾ, ಮುಂದೆ ಜಗಳ ಕಡಿಮಿ ಆಗ್ತಾವೆ' ಅಂದ್ರು. ಒಂದೂ ಕಡಿಮಿ ಆಗ್ಲಿಲ್ಲ."

ಗಂಡನನ್ನು ಕಳೆದುಕೊಂಡ ಕಸ್ತೂರಮ್ಮ ಅಳುತ್ತಲೇ ನಕ್ಕರು. "ತಮ್ಮ ಹೆಸರು ಮಾತ್ರ ಒಂದು ಲೋಟದ ಮ್ಯಾಲೂ ಹಾಕ್ಕೊಳ್ಳಿಲ್ಲಪ್ಪ. ಕೇಳಿದ್ರೆ, ನಮ್ಮ ಲೋಟ ಯಾರು ಕದೀತಾರೆ ಅನ್ನೋರು."

*

ಎರಡು ತಿಂಗಳ ಹಿಂದೆ ಸಮುದಾಯ ಭವನದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ನಡೆದಿತ್ತು. ನರ್ಸ್ ಇರಮ್ ಚಾಪೆಯ ಮೇಲೆ ರಬ್ಬರ್ ಗೊಂಬೆಯನ್ನು ಮಲಗಿಸಿ, ಪಕ್ಕದಲ್ಲಿ ಎರಡು ಯಂತ್ರಗಳನ್ನಿಟ್ಟಿದ್ದಳು. ನೋಡಲು ಎರಡೂ ಅವಳಿಜವಳಿ.

"ಎದೆಬಡಿತ ಹದ ತಪ್ಪಿ ಬಿದ್ದೋರಿಗೆ ಈ ಮಷಿನ್ ಶಾಕ್ ಕೊಡ್ತೈತೆ. ಇನ್ನೊಂದು ಐತಲ್ಲ, ಅದು ಬರೀ ಕಲಿಯಾಕೆ. ಮಾತಾಡ್ತೈತೆ ಅಷ್ಟೇ, ಶಾಕ್ ಕೊಡಲ್ಲ. ಗೊಂಬೆಗೆ ಮಾತ್ರ ಹಚ್ಚಬೇಕು."

ಅಜ್ಜನ ಜೊತೆ ಬಂದಿದ್ದ ಸ್ನೇಹಾ ತಾನೂ ಮಾಡುತ್ತೇನೆಂದು ಮುಂದೆ ಹೋದಳು. ಗೊಂಬೆಯ ಎದೆಗೆ ಪಟ್ಟಿಗಳನ್ನು ಅಂಟಿಸಿ, ಎಲ್ಲರನ್ನೂ ದೂರ ಸರಿಸಿ, ಗುಂಡಿ ಒತ್ತಿದಳು.

"ಬೇಗ ಎಬ್ಸವ್ವ," ಎಂದರು ಶಿವಮೂರ್ತಪ್ಪ. "ಪಾಪ, ಅಂಗಿ ಇಲ್ದೆ ಮಲಗ್ಯಾನೆ."

ಇರಮ್ ಹೋದ ಮೇಲೆ ಭವನದ ಅಧ್ಯಕ್ಷ ಕಲ್ಲೇಶಪ್ಪ ಒಂದು ಯಂತ್ರವನ್ನು ಪೂಜೆಯ ಬೆಳ್ಳಿ ಸಾಮಾನುಗಳ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಎರಡನ್ನೂ ದಾನ ಕೊಟ್ಟವರು ಅವರೇ.

"ಭಾಳ ತುಟ್ಟಿದು. ಹೊರಗಿಟ್ರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ. ಗೋಡೆಗೆ ಇದೊಂದು ಇರ್ಲಿ, ಮಂದಿ ನೋಡ್ತಾರೆ."

ಗೋಡೆಯ ಯಂತ್ರದ ಮೇಲೆ ಅಂಟಿಸಲು 'ದಾನಿಗಳು: ಕಲ್ಲೇಶಪ್ಪ ಮತ್ತು ಕುಟುಂಬ' ಎಂಬ ಹಿತ್ತಾಳೆ ಫಲಕವನ್ನು ಶಿವಮೂರ್ತಪ್ಪನವರಿಂದಲೇ ಕೆತ್ತಿಸಿದ್ದರು.

"ಕಲ್ಲೇಶಣ್ಣ, ಇಲ್ಲಿ ಏನೋ ಕೆಂಪಕ್ಷರ ಅದಾವೆ. ಫಲಕ ಹಾಕಿದ್ರೆ ಮುಚ್ಚಿ ಹೋಗ್ತಾವೆ."

"ಇಂಗ್ಲಿಷ್ ಯಾರು ಓದ್ತಾರೆ ಬಿಡ್ರಿ. ನಮ್ಮ ಹೆಸರು ಕಾಣ್ಲಿ."

ಗೋಂದಿನ ಟ್ಯೂಬು ಹಿಡಿದು ನಿಂತಿದ್ದ ಸ್ನೇಹಾ ಒಮ್ಮೆ ಬೀರುವನ್ನೂ ಒಮ್ಮೆ ಗೋಡೆಯನ್ನೂ ನೋಡಿದಳು. ದೊಡ್ಡವರಿಗೆ ಗೊತ್ತಿರುತ್ತದೆ ಎಂದುಕೊಂಡಳು.

ನಿನ್ನೆ ಅದೇ ಭವನದಲ್ಲಿ, ಮದುವೆಯ ಕೊಡಗಳನ್ನು ಒಪ್ಪಿಸಲು ಹೋಗಿದ್ದ ಶಿವಮೂರ್ತಪ್ಪ ಕುಸಿದು ಬಿದ್ದಾಗ ಓಡಿ ಗೋಡೆಯ ಯಂತ್ರ ತಂದು ಹಚ್ಚಿದವಳು ಜೊತೆಗಿದ್ದ ಸ್ನೇಹಾಳೇ. ದೊಡ್ಡವರು ಸುತ್ತ ನಿಂತು ನೋಡಿದರು. ಶಾಕ್ ಕೊಟ್ಟಾಯಿತು ಎಂದು ಯಂತ್ರ ಮತ್ತೆ ಮತ್ತೆ ಹೇಳಿತು. ಅಜ್ಜನ ಮೈ ಒಂದಿಷ್ಟೂ ಅದುರಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಹರಿಹರ ದಾಟಿ ಸಾರಥಿ ಹಳ್ಳಿಯ ಹೊಲದಲ್ಲಿ ಗುಣಿ ತೋಡಿಸಿದ್ದರು. ಅಯ್ಯನವರ ಮಂತ್ರ ಮುಗಿದು ಜನ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕತೊಡಗಿದರು. ಸರದಿ ಬಂದಾಗ ಕಲ್ಲೇಶಪ್ಪ ಕಸ್ತೂರಮ್ಮನ ಕಡೆ ತಿರುಗಿದರು.

"ಮಷಿನ್ ತನ್ನ ಕೆಲಸ ಮಾಡ್ತು, ತಂಗಿ. ಹುಡುಗಿ ಸಣ್ಣದು, ಎಲ್ಲೋ ಹೆಚ್ಚುಕಮ್ಮಿ ಆಗೈತೆ. ಶಿವ ಕರ್ಕೊಂಡ ಅಂತ ತಿಳ್ಕೊಳ್ರಿ."

ಪೂಜಾ ಗುಣಿಯ ಅಂಚಿಗೆ ಬಂದಳು. "ಏನು ಹೆಚ್ಚುಕಮ್ಮಿ? ಬಿಡಿಸಿ ಹೇಳ್ರಿ."

"ಪೂಜಾ, ಸುಮ್ನಿರು," ಗಂಡ ಬಸವಕಿರಣ್ ತಗ್ಗಿದ ದನಿಯಲ್ಲಿ ಅಂದ. "ದೊಡ್ಡೋರು."

"ದೊಡ್ಡೋರು ಅಂತಲೇ ಕೇಳಾಕ್ಹತ್ತೀನಿ."

"ಮಣ್ಣು ಕೊಡೋ ಹೊತ್ತಾಗೆ ವಾದ ಬ್ಯಾಡವ್ವ," ಎಂದು ಕಲ್ಲೇಶಪ್ಪ ಬಗ್ಗಿ ಮಣ್ಣು ತೆಗೆದುಕೊಂಡರು.

"ವಾದಕ್ಕೆ ಹೊತ್ತಲ್ಲ, ನನ್ನ ಕೂಸಿನ ಮ್ಯಾಲೆ ಸಾವು ಹೊರ್ಸಾಕೆ ಇದು ಹೊತ್ತಾ?"

ಸ್ನೇಹಾ ಅಮ್ಮನ ಸೆರಗು ಜಗ್ಗಿದಳು. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಪೂಜಾ ಮಂಡಿಯೂರಿ ಅವಳ ಎತ್ತರಕ್ಕೆ ಕೂತಳು.

"ಹೇಳು ಮಗಾ. ನನಗಲ್ಲ, ಅವ್ರಿಗೇ ಹೇಳು. ಜೋರಾಗಿ."

ಮಗು ಗುಣಿಯ ಆಚೆ ದಡಕ್ಕೆ ಮುಖ ಎತ್ತಿತು.

"ಕಲ್ಲೇಶಜ್ಜಾ, ನಾನು ನಮ್ಮಜ್ಜಗೆ ಹಚ್ಚಿದ್ದು ಗೊಂಬೆ ಮಷಿನ್ನಾ? ನಿಜವಾದ್ದು ನಿಮ್ಮ ಬೀರುನಾಗೈತಾ?"

ಕಲ್ಲೇಶಪ್ಪನವರ ಕೈ ಗುಣಿಯ ಮೇಲೆ ಚಾಚಿಯೇ ಇತ್ತು. ಮುಷ್ಟಿಯ ಮಣ್ಣು ಬೀಳಲಿಲ್ಲ.