ವಿಲ್ಮಾಳ ಖಾಲಿ ಪೆಟ್ಟಿಗೆ

ನಮ್ಮ ಮನೆಯ ನೆಲಮಾಳಿಗೆಯಲ್ಲಿ ಮನುಷ್ಯರಿಗೆ ಜಾಗವಿರಲಿಲ್ಲ. ಅಲ್ಲಿ ನಮ್ಮೂರಿನ ಬೇಸ್‌ಬಾಲ್ ತಂಡ ಲಾರ್ಕಿನ್ ಫೆರಿ ಹೆರನ್ಸ್ ವಾಸವಾಗಿತ್ತು. ಮುರಿದ ಬ್ಯಾಟು ನಲವತ್ತೊಂದು, ಬೆವರು ಹೀರಿದ ಟೋಪಿ ಇನ್ನೂರು ಚಿಲ್ಲರೆ, ಹಳೆಯ ಮೈದಾನದಿಂದ ಕಿತ್ತು ತಂದ ಹಸಿರು ಕುರ್ಚಿ ನಾಲ್ಕು, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್‌ನನ್ನು ತಪ್ಪಾಗಿ ಬಲಗೈಯವನನ್ನಾಗಿ ಮಾಡಿದ ತಲೆಯಾಡಿಸುವ ಗೊಂಬೆ ಒಂದು. ಎಲ್ಲವೂ ನನ್ನ ಹೆಂಡತಿ ವಿಲ್ಮಾಳದು. ನಾನೂ ಅವಳವನೇ. ಆದರೆ ನನಗೆ ಗಾಜಿನ ಪೆಟ್ಟಿಗೆ ಕೊಟ್ಟಿಲ್ಲ, ಅಷ್ಟೇ.

ಹೆರನ್ ಎಂದರೆ ಬಕಪಕ್ಷಿ. ಒಂಟಿಕಾಲಲ್ಲಿ ನಿಂತು ಕಾಯುವುದು ಅದರ ಕಸುಬು. ನಮ್ಮೂರಿನ ಅಭಿಮಾನಿಗಳದ್ದೂ ಅದೇ ಕಸುಬು.

ಮೆಟ್ಟಿಲಿಳಿದ ತಕ್ಷಣ, ಎದುರಿನ ಕಪಾಟಿನ ನಟ್ಟನಡುವೆ ಒಂದು ಗಾಜಿನ ಪೆಟ್ಟಿಗೆ ಖಾಲಿ ಇತ್ತು. ಅದರ ಕೆಳಗೆ ವಿಲ್ಮಾಳ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ: ‘ಜೂನ್ 12, 1988. ಖಾಲಿ. ಕಾರಣ: ಗಸ್.’

ಗಸ್ ಎಂದರೆ ನಾನು.

ಒಂಬತ್ತು ಇನಿಂಗ್ಸ್‌ನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್, ಎಂದರೆ ಚೆಂಡು ಬಾರಿಸಿ ಔಟಾಗದೆ ಓಡಿ ಗುರಿ ತಲುಪುವ ಹೊಡೆತ, ಬಿಟ್ಟುಕೊಡದೆ ಪಂದ್ಯ ಮುಗಿಸಿದ ಪಿಚರ್ ನಮ್ಮ ತಂಡದ ಚರಿತ್ರೆಯಲ್ಲೇ ಇರಲಿಲ್ಲ. ಅಂಥ ಪಂದ್ಯದ ಚೆಂಡಿಗೆಂದೇ ವಿಲ್ಮಾ ಆ ಪೆಟ್ಟಿಗೆ ಕಾದಿರಿಸಿದ್ದಳು. ಇದಕ್ಕೊಂದು ಕಟ್ಟಳೆಯಿದೆ. ಅಂಥ ಆಟ ನಡೆಯುತ್ತಿರುವಾಗ ಅದರ ಬಗ್ಗೆ ಯಾರೂ ಬಾಯಿ ಬಿಡಬಾರದು. ಆಟಗಾರರು ಪಿಚರ್ ಪಕ್ಕ ಕೂರುವುದಿಲ್ಲ, ಪ್ರೇಕ್ಷಕರು ಹವಾಮಾನದ ಬಗ್ಗೆ ಮಾತಾಡುತ್ತಾರೆ. ಆಡಿದರೆ ಕೆಡುತ್ತದೆ.

ನಾನು ಆಡಿದೆ. ಆ ದಿನ ಒಂಬತ್ತನೇ ಇನಿಂಗ್ಸ್, ಎರಡು ಔಟ್ ಆಗಿದ್ದವು, ಇನ್ನೊಂದು ಬಾಕಿ. ಅಷ್ಟು ಹೊತ್ತು ಸುಮ್ಮನಿದ್ದ ನಾಲಿಗೆಗೆ ತುರಿಕೆ ಹತ್ತಿತು. ನಮ್ಮ ಮೈದಾನದ ಧ್ವನಿವರ್ಧಕದವನು ಮರ್ಲ್ ಟ್ಯಾಗರ್ಟ್. ಅವನ ಗುಹೆಯಂಥ ಕಂಠವನ್ನು ನಾನು ಕಾಲೇಜು ದಿನಗಳಿಂದ ಅನುಕರಿಸುತ್ತಿದ್ದವನು. ಎದ್ದು ನಿಂತು, ಮೂಗು ಹಿಡಿದು, “ಮಹಿಳೆಯರೇಏಏ, ಮಹನೀಯರೇಏಏ, ಈವರೆಗೂಊಊ ಒಂದೂ ಹಿಟ್ ಇಲ್ಲಾಆಆ!” ಎಂದೆ.

ಮೂರು ಸಾಲು ತಲೆಗಳು ನನ್ನ ಕಡೆ ತಿರುಗಿದವು. ಮರುಚೆಂಡಿಗೇ, ಇಡೀ ವರ್ಷ ಗಾಳಿಯನ್ನು ಮಾತ್ರ ಹೊಡೆದಿದ್ದ ಒಬ್ಬ ಬಡಕಲು ಬ್ಯಾಟರ್ ಚೆಂಡನ್ನು ಎಲ್ಲರ ತಲೆಯ ಮೇಲಿಂದ ಹಾರಿಸಿದ. ಪಿಚರ್ ಪೆಚ್ಚಾದ. ವಿಲ್ಮಾ ಅಂಕ ಬರೆಯುತ್ತಿದ್ದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, “ಮನೆಗೆ ಹೋಗೋಣ” ಎಂದಳು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಅವಳದೊಂದು ಹೊಸ ನಿಯಮ. ಐದನೇ ಇನಿಂಗ್ಸ್ ಮುಗಿದಾಗ ಎದುರಾಳಿಗೆ ಹಿಟ್ ಬಿದ್ದಿಲ್ಲವೆಂದರೆ ನನ್ನನ್ನು ಸಾಸಿವೆ ಗೊಜ್ಜು ತರಲು ಕಳಿಸುವುದು. ನಾನು ಪ್ರೇಕ್ಷಕರ ಸಾಲುಗಳ ಹಿಂದೆ, ಡೆಲ್ಬರ್ಟ್‌ನ ಸಾಸೇಜ್ ಅಂಗಡಿಯ ಬಳಿ, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಹಿಟ್ ಬಿದ್ದ ಮೇಲೆ ವಾಪಸ್. ಮೂವತ್ತಾರು ವರ್ಷದಲ್ಲಿ ಹನ್ನೊಂದು ಸಲ ಹೋಗಿದ್ದೇನೆ. ಹನ್ನೊಂದು ಸಲವೂ ಗೊಜ್ಜು ತಂದಿದ್ದೇನೆ.

ಈ ಬೇಸಿಗೆಯಲ್ಲಿ ಊರಿನ ಗ್ರಂಥಾಲಯದವರು ಬಂದರು. ತಂಡಕ್ಕೆ ಎಪ್ಪತ್ತೈದು ತುಂಬುತ್ತದೆ, ವಿಲ್ಮಾಳ ಸಂಗ್ರಹವನ್ನು ನಮ್ಮ ಕೆಳಮಹಡಿಯ ದೊಡ್ಡ ಕೋಣೆಯಲ್ಲಿ ಶಾಶ್ವತವಾಗಿ ಇಡುತ್ತೇವೆ ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಪೆಟ್ಟಿಗೆ ನೆನಪಾಗಿ ಇಳಿಯಿತು.

“ಖಾಲಿ ಪೆಟ್ಟಿಗೆ ಯಾಕೆ ವಿಲ್ಮಾ? ಅದನ್ನ ಮನೇಲೇ ಬಿಡೋಣ.”

“ಅದೂ ಹೋಗುತ್ತೆ.”

“ಚೀಟಿ?”

“ಚೀಟಿ ಇಲ್ದೆ ಖಾಲಿ ಪೆಟ್ಟಿಗೆಗೆ ಏನರ್ಥ?”

“ಇಡೀ ಊರು ಓದುತ್ತೆ! ಶಾಲೆ ಮಕ್ಕಳನ್ನ ಸಾಲಾಗಿ ಕರ್ಕೊಂಡ್ ಬರ್ತಾರೆ!”

“ಓದು ಕಲೀಲಿ ಬಿಡು, ಒಳ್ಳೇದೇ.”

ಸಾಮಾನು ಸಾಗಿಸಲು ಎರಡು ವಾರವಿತ್ತು. ಆ ಭಾನುವಾರ ಮಧ್ಯಾಹ್ನ ನಮ್ಮ ಪಿಚರ್ ಯೋರ್ವಿನ್ ಪೆಗೇರೊ. ಇಪ್ಪತ್ತು ವರ್ಷದ ಹುಡುಗ, ಡೊಮಿನಿಕನ್ ನಾಡಿನವನು, ಎಸೆದಾಗ ಟೋಪಿ ಬೀಳುತ್ತದೆ. ಎರಡು ಸಲ ಬಿದ್ದಾಗ ಜನ ನಕ್ಕರು. ಐದನೇ ಇನಿಂಗ್ಸ್ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ವಿಲ್ಮಾ ಅಂಕಪಟ್ಟಿಯಿಂದ ಕಣ್ಣೆತ್ತಲಿಲ್ಲ.

“ಗಸ್, ಸಾಸಿವೆ.”

“ಇದೆಯಲ್ಲ, ಕೈಯಲ್ಲೇ ಇದೆ.”

“ಇನ್ನೂ ಬೇಕು.”

ಹೋದೆ. ಡೆಲ್ಬರ್ಟ್ ನನ್ನನ್ನು ನೋಡಿದ್ದೇ ರೇಡಿಯೋ ಆರಿಸಿದ. ಅವನ ಅಂಗಡಿಯಿಂದ, ಎರಡು ಸಾಲುಗಳ ಸಂದಿಯಲ್ಲಿ, ಅಂಗೈಯಗಲ ಮೈದಾನ ಕಾಣುತ್ತದೆ. ಅದಕ್ಕೆ ಬೆನ್ನು ಹಾಕಿ ನಿಂತೆ.

“ಬಂದ್ಯಾ?” ಎಂದ.

“ಬಂದೆ.”

“ಈರುಳ್ಳಿ ಹೆಚ್ತೀಯಾ? ಸುಮ್ನೆ ನಿಂತ್ರೆ ಬಾಯಿ ತಾನಾಗೇ ತೆರೆಯುತ್ತೆ ನಿಂದು.”

ಈರುಳ್ಳಿ ಹೆಚ್ಚಿದೆ. ಆರನೇ ಇನಿಂಗ್ಸ್, ಏಳು, ಎಂಟು. ಗದ್ದಲ ಏರಬೇಕಾದ ಹೊತ್ತಿನಲ್ಲಿ ಗದ್ದಲ ಇಳಿಯುತ್ತಾ ಹೋಯಿತು. ಮೂರು ಸಾವಿರ ಜನ ಒಟ್ಟಿಗೆ ಉಸಿರು ಬಿಗಿಹಿಡಿದರೆ ಅದಕ್ಕೂ ಒಂದು ಸದ್ದಿದೆ. ನನ್ನ ಗಂಟಲಲ್ಲಿ ಮರ್ಲ್ ಕೂತು ಕೆಮ್ಮುತ್ತಿದ್ದ. ಅವನು ಸತ್ತು ಒಂಬತ್ತು ವರ್ಷವಾಗಿತ್ತು; ನನ್ನ ಗಂಟಲು ಮಾತ್ರ ಬಿಟ್ಟಿರಲಿಲ್ಲ.

“ಡೆಲ್ಬರ್ಟ್, ಬಿಸಿಲು ಹೇಗಿದೆ?” ಎಂದೆ.

ಅವನು ಸಂದಿಯಲ್ಲಿ ಇಣುಕಿ, ಹಣೆಯೊರೆಸಿಕೊಂಡ. “ಬಿಸಿಲಿನ ಮಾತೂ ಬೇಡ ಮಾರಾಯ. ಈರುಳ್ಳಿ ಹೆಚ್ಚು.”

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟೂ ಈರುಳ್ಳಿಯದೇ ಎಂದು ಹೇಳಲಾರೆ. ಒಂಬತ್ತನೆಯದು ಶುರುವಾಯಿತು. ಒಂದು ಚಪ್ಪಾಳೆ. ಒಂದು ಔಟ್. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಇನ್ನು ಒಂದೇ ಬಾಕಿ, ಸರಿಯಾಗಿ ಅದೇ ಜಾಗ. ನಾನು ಚಾಕು ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಬ್ಯಾಟಿನ ಸದ್ದು ಕೇಳಿತು. ಜನ “ಅಯ್ಯೋ” ಎಂದರು. ನನ್ನ ಜೀವ ಹಾರಿತು. ಅದರ ಹಿಂದೆಯೇ ಚೆಂಡೂ ಹಾರಿತು: ಮೈದಾನದ ಪಕ್ಕದ ಗೆರೆಯಾಚೆ ಚಿಮ್ಮಿ, ಮಾಡಿನ ತಗಡಿಗೆ ಬಡಿದು, ಅಲ್ಲಿಂದ ಪುಟಿದು, ಡೆಲ್ಬರ್ಟ್‌ನ ತೆರೆದ ಗೊಜ್ಜಿನ ಡಬ್ಬಿಗೆ ಧೊಪ್ಪೆಂದು ಬಿತ್ತು. ನನ್ನ ಅಂಗಿಯೆಲ್ಲ ಹಳದಿ.

ಪಕ್ಕದ ಗೆರೆಯಾಚೆ ಹೋದದ್ದು ಹಿಟ್ ಅಲ್ಲ, ಬ್ಯಾಟರ್ ಮತ್ತೆ ಆಡಬೇಕು. ಪ್ರೇಕ್ಷಕರ ಕಡೆ ಬಂದ ಚೆಂಡು ಸಿಕ್ಕವನ ಸ್ವತ್ತು. ಎತ್ತಿಕೊಂಡು, ಅಭ್ಯಾಸಬಲದಿಂದ ಅಂಗಿಯ ತುದಿಗೆ ಕೈ ಹಾಕಿದೆ.

“ಒರೆಸಬೇಡ!” ಡೆಲ್ಬರ್ಟ್ ಕಿರುಚಿದ. “ವಿಲ್ಮಾ ಕೊಂದುಬಿಡ್ತಾಳೆ, ಅವಳಿಗೆ ಕಲೆ ಸಮೇತ ಬೇಕು!”

ಆ ಕೂಗು ಮುಗಿಯುವ ಮೊದಲೇ ಮೈದಾನದಿಂದ ಇನ್ನೊಂದು ಕೂಗು ಎದ್ದಿತು: ಕೊನೆಯ ಔಟ್. ತಗಡಿನ ಮಾಡು ನಡುಗಿತು. ಡೆಲ್ಬರ್ಟ್ ನನ್ನನ್ನು ತಬ್ಬಿಕೊಂಡ, ಅವನೂ ಹಳದಿಯಾದ. ಆಗಲೂ ನಾನು ಬಾಯಿ ತೆರೆಯಲಿಲ್ಲ.

ಒಳಗೆ ಎಲ್ಲರೂ ನಿಂತು ಕುಣಿಯುತ್ತಿದ್ದರು. ಕೂತಿದ್ದವಳು ವಿಲ್ಮಾ ಒಬ್ಬಳೇ. ಕೊನೆಯ ಚೌಕವನ್ನು ತುಂಬಿ, ಅಡಿಗೆರೆ ಎಳೆದು, ಆಮೇಲೆ ತಲೆಯೆತ್ತಿದಳು. ನಾನು ಚೆಂಡನ್ನು ಮುಂದೆ ಹಿಡಿದೆ.

“ಇದೆಲ್ಲಿಂದ?”

ಮಾಡಿನ ಕಡೆ ಕೈ ತೋರಿಸಿದೆ. ಅವಳು ಮೊದಲು ಚೆಂಡಿನ ಮೇಲಿನ ಲೀಗಿನ ಮುದ್ರೆ ನೋಡಿದಳು, ಆಮೇಲೆ ಅಂಕಪಟ್ಟಿ ನೋಡಿದಳು. ಪ್ರತಿ ಎಸೆತಕ್ಕೂ ಅವಳು ಒಂದು ಚುಕ್ಕೆ ಇಡುತ್ತಾಳೆ. ಪಕ್ಕದ ಗೆರೆ ದಾಟಿದರೆ ಚುಕ್ಕೆಗೊಂದು ಬಾಣ. ಒಂಬತ್ತನೇ ಇನಿಂಗ್ಸ್, ಕೊನೆಯ ಬ್ಯಾಟರ್, ಮೂರನೇ ಚುಕ್ಕೆ. ಬಾಣ ಮಾಡಿನ ಕಡೆಗಿತ್ತು.

“ಕೊನೇ ಔಟ್ ಆದ ಚೆಂಡು ಯೋರ್ವಿನ್‌ದು. ಅದನ್ನ ಕೇಳ್ತಿರ್ಲಿಲ್ಲ ನಾನು,” ಎಂದಳು. “ಅದಕ್ಕಿಂತ ಒಂದೇ ಚೆಂಡು ಹಿಂದಿಂದು ಇದು.” ಆಮೇಲೆ ನನ್ನ ಮುಖ ನೋಡಿ, “ಯಾಕೆ ಮಾತಾಡ್ತಿಲ್ಲ?”

ಭುಜ ಕುಣಿಸಿದೆ.

“ಆಟ ಮುಗೀತು ಗಸ್. ಈಗ ಹೇಳು. ಮರ್ಲ್ ಥರಾನೇ ಹೇಳು.”

ಮೂಗು ಹಿಡಿದೆ. “ಮಹಿಳೆಯರೇಏಏ, ಮಹನೀಯರೇಏಏ, ಒಂದೂ ಹಿಟ್ ಇಲ್ಲಾಆಆ!” ಹಿಂದಿನ ಸಾಲಿನಲ್ಲಿ ಯಾರೋ ಮುದುಕರು, “ಮರ್ಲ್!” ಎಂದು ಟೋಪಿ ತೆಗೆದರು. ಆಮೇಲೆ ಅವರ ಪಕ್ಕದವರೂ ತೆಗೆದರು. ಮೂವತ್ತಾರು ವರ್ಷದ ಹಿಂದೆ ನನ್ನನ್ನು ಸುಡುವಂತೆ ನೋಡಿದ್ದ ಸಾಲೇ ಅದು. ನನ್ನ ಧ್ವನಿ ಅಷ್ಟು ನೆಟ್ಟಗೆ ನಿಂತದ್ದು ಅದೇ ಮೊದಲು.

ಗ್ರಂಥಾಲಯದ ಆ ಕೋಣೆ ತೆರೆದು ಈಗ ಎರಡು ತಿಂಗಳು; ಪೆಟ್ಟಿಗೆಯೊಳಗೆ ಹಳದಿ ಚೆಂಡು ಕೂತಿದೆ. ಹಳೇ ಚೀಟಿ ತೆಗೆಯೋಣವೇ ಎಂದು ಕೇಳಿದ್ದೆ. “ನಮ್ಮಲ್ಲಿ ಒರೆಸೋದೂ ಇಲ್ಲ, ತೆಗೆಯೋದೂ ಇಲ್ಲ” ಎಂದು ವಿಲ್ಮಾ ಅದರ ಕೆಳಗೆ ಇನ್ನೊಂದು ಅಂಟಿಸಿದಳು. ಪ್ರತಿ ಶನಿವಾರ ನಾನು ಅಲ್ಲೇ, ಒಳ್ಳೆಯ ಅಂಗಿ ಹಾಕಿಕೊಂಡು, ಪೆಟ್ಟಿಗೆಯ ಪಕ್ಕ ಯಾರಿಗೂ ಅಡ್ಡವಾಗದಂತೆ ನಿಲ್ಲುತ್ತೇನೆ. ಮಕ್ಕಳು ಮೊದಲ ಚೀಟಿ ಓದಿ ಕಿಸಕ್ಕನೆ ನಗುತ್ತಾರೆ. ನಾನು ಕಾಯುತ್ತೇನೆ. ಎರಡನೆಯದು ಓದುತ್ತಾರೆ:

‘ಆಗಸ್ಟ್ 18, 2024. ಹಿಡಿದದ್ದು: ಡೆಲ್ಬರ್ಟ್‌ನ ಡಬ್ಬಿ. ಕಲೆ: ಸಾಸಿವೆ, ಅಸಲಿ. ಕಾರಣ: ಗಸ್.’